ಮೊದಲ ಹಳೇ ಮಿಲಿಟರಿ ರೈಫಲ್ ಯಾವುದು? ಮೋಸಿನ್, ತ್ರೀ ನಾಟ್ ತ್ರೀ, ಸ್ವಿಸ್, ಸ್ವೀಡಿಷ್, ಗ್ಯಾರಂಡ್ ಹೋಲಿಕೆ

ಅಮೆರಿಕದಲ್ಲಿ ನೆಲೆ ನಿಂತು ಶನಿವಾರ ಗುರಿ ಹೊಡೆಯುವ ರೇಂಜಿಗೆ ಹೋಗುವ ರುಚಿ ಹತ್ತಿದ ನಮ್ಮವರು ಸ್ವಲ್ಪ ದಿನ ಆದಮೇಲೆ ಕೇಳುವ ಪ್ರಶ್ನೆ ಇದು: ಹೊಸದು ಬೇಡ, ಯುದ್ಧ ಕಂಡ ಹಳೇ ರೈಫಲ್ ಒಂದು ಬೇಕು, ಯಾವುದು ತಗೊಳ್ಳಲಿ? ಹೆಸರು ಹೇಳುವ ಮೊದಲು ನಾನು ತಿರುಗಿ ಕೇಳುತ್ತೇನೆ. ಹೊಡೆಯುವುದಕ್ಕೋ, ಇಟ್ಟುಕೊಳ್ಳುವುದಕ್ಕೋ? ಎರಡಕ್ಕೂ ಅಂದರೆ ಎರಡು ರೈಫಲ್ ತಗೊಳ್ಳಿ. ಒಂದರಲ್ಲೇ ಎರಡೂ ಆಸೆ ತೀರಿಸಿಕೊಳ್ಳಲು ಹೋದವರು ಒಳ್ಳೇ ಒರಿಜಿನಲ್ ತಂದು, ಗುರಿ ಸರಿಯಾಗಿ ಬೀಳ್ತಿಲ್ಲ ಅಂತ ಅದಕ್ಕೆ ತೂತು ಕೊರೆಸಿ ಸ್ಕೋಪ್ ಕೂರಿಸಿ, ಆಮೇಲೆ ಮಾರುವಾಗ ಅರ್ಧ ಬೆಲೆಗೂ ಗಿರಾಕಿ ಇಲ್ಲದೆ ತಲೆ ಕೆರೆದುಕೊಳ್ಳುತ್ತಾರೆ.

ಆಯ್ಕೆಗೆ ಮೊದಲು ಕಾನೂನು. ಇದನ್ನು ಹಾರಿಸಿ ಓದಬೇಡಿ.

ಎಚ್1ಬಿ, ಎಲ್1, ಎಫ್1 ತರದ ವೀಸಾದಲ್ಲಿ ಇರುವವರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಬಂದೂಕು, ತೋಟಾ ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ರೇಂಜಿನಲ್ಲಿ ಬಾಡಿಗೆ ಬಂದೂಕು ಕೈಗೆ ತಗೊಂಡರೂ ಅದೇ ಲೆಕ್ಕ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ಅದನ್ನು ನಂಬಿಕೊಂಡು ಹೋಗುವ ಮೊದಲು ವಕೀಲರನ್ನು ಕೇಳಿ. ಒಂದು ಹವ್ಯಾಸಕ್ಕೆ ಇಮಿಗ್ರೇಷನ್ ಕಡತ ಕೆಡಿಸಿಕೊಳ್ಳುವುದು ಬೇಡ, ಅಲ್ವಾ? ಗ್ರೀನ್ ಕಾರ್ಡ್ ಬಂದಮೇಲೆ ಈ ತಡೆ ಇಲ್ಲ. ರಾಜ್ಯದ ಕಾನೂನು ಬೇರೆ ಇರುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಯವರು ಅದನ್ನು ಇನ್ನೊಂದು ಸಲ ಓದಬೇಕು.

ಹಳೇ ಬಂದೂಕು ಕೂಡಿಸುವವರಿಗೆ ಅಂತಲೇ ಇರುವ ಲೈಸೆನ್ಸಿನ ಹೆಸರು ಸಿ ಅಂಡ್ ಆರ್ (ಕ್ಯೂರಿಯೊಸ್ ಅಂಡ್ ರೆಲಿಕ್ಸ್). ಮೂರು ವರ್ಷಕ್ಕೆ 30 ಡಾಲರ್. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ರೈಫಲನ್ನು ಬೇರೆ ರಾಜ್ಯದಿಂದ ನೇರ ನಿಮ್ಮ ಮನೆಗೇ ತರಿಸಬಹುದು. ಬಂದದ್ದು, ಹೋದದ್ದು ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಇದರಲ್ಲಿ ವ್ಯಾಪಾರ ಮಾಡುವ ಹಾಗಿಲ್ಲ. ಸಂಗ್ರಹ ಸುಧಾರಿಸಲು ಒಂದು ಮಾರಿ ಇನ್ನೊಂದು ತಗೊಂಡರೆ ಸರಿ, ಲಾಭಕ್ಕೆ ಅಂತ ತಂದು ತಂದು ಮಾರಿದರೆ ತಪ್ಪು. ‘ಮೂಲ ರೂಪ’ ಅನ್ನುವ ಮಾತು ನೆನಪಿರಲಿ. ಮರ ಕತ್ತರಿಸಿದ, ತೂತು ಕೊರೆದ ರೈಫಲ್ ಎಷ್ಟು ಹಳೇದಾದರೂ ಬರೀ ವಯಸ್ಸಿನ ಬಲದ ಮೇಲೆ ಈ ಸೌಲಭ್ಯಕ್ಕೆ ಬರುವುದಿಲ್ಲ.

ಊರಲ್ಲಿ ಇರುವವರಿಗೆ ಈ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. .303 ನಮ್ಮಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಜನ ಇಟ್ಟುಕೊಳ್ಳಬಾರದ ಅಳತೆ. ಅದಕ್ಕೇ ಸರ್ಕಾರಿ ಕಾರ್ಖಾನೆ ಸಾಮಾನ್ಯ ಜನರಿಗೆ ಅಂತ .315 ರೈಫಲ್ ಮಾಡಿದ್ದು. 2019ರ ತಿದ್ದುಪಡಿಯಲ್ಲಿ ಒಬ್ಬರ ಹೆಸರಲ್ಲಿ ಇರಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಮನೆತನದ ಕೋವಿಗೆ ಕೈಲ್ ಪೊಳ್ದ್ ದಿನ ಹೂ ಇಟ್ಟು ಪೂಜೆ ಮಾಡುವ ಪದ್ಧತಿಯೇ ಬೇರೆ, ಮಿಲಿಟರಿ ರೈಫಲ್ ಕೂಡಿಸುವ ಈ ಹವ್ಯಾಸವೇ ಬೇರೆ. ಇಲ್ಲಿಂದ ಮುಂದೆ ಹೇಳುವುದೆಲ್ಲ ಅಮೆರಿಕದ ಮಾರುಕಟ್ಟೆಯ ಮಾತು.

ಯಾವುದನ್ನೇ ನೋಡಿದರೂ ಮೊದಲು ಏನು ನೋಡಬೇಕು

ಬ್ಯಾರೆಲ್ ಒಳಗೆ ನೋಡಿ. ಹೊರಗಿನ ಹೊಳಪು ಯಾರು ಬೇಕಾದರೂ ತರಿಸಬಹುದು, ಗುಂಡು ತಿರುಗಲಿ ಅಂತ ಒಳಗೆ ಕೊರೆದ ಗೀರುಗಳನ್ನು ಹೊಸದು ಮಾಡೋಕೆ ಆಗಲ್ಲ. ಮೊದಲು ಬೋಲ್ಟ್ (ಬ್ಯಾರೆಲಿನ ಹಿಂಬದಿ ಮುಚ್ಚುವ, ಹಿಂದೆ ಮುಂದೆ ಜಾರುವ ಲೋಹದ ತುಂಡು) ತೆಗೆದು ಖಾಲಿ ಇದೆಯಾ ಅಂತ ಖಚಿತ ಮಾಡಿಕೊಳ್ಳಿ, ಆಮೇಲೆ ಹಿಂದಿನಿಂದ ಬೆಳಕು ಬಿಟ್ಟು ನೋಡಿ. ಗೀರುಗಳ ಅಂಚು ಚೂಪಾಗಿ ಕಾಣಬೇಕು. ಸ್ವಲ್ಪ ಕಪ್ಪು ಇದ್ದರೆ ಪರವಾಗಿಲ್ಲ. ಇನ್ನೊಂದು ಸುಲಭದ ಪರೀಕ್ಷೆ ಇದೆ. ಮದ್ದಿಲ್ಲದ ಡಮ್ಮಿ ತೋಟಾ ಒಂದರ ಮೂತಿಯನ್ನು ಬ್ಯಾರೆಲಿನ ತುದಿಗೆ ಇಡಿ. ಗುಂಡು ಸ್ವಲ್ಪ ಒಳಗೆ ಹೋಗಿ ನಿಂತು, ಹೊರಗೆ ಇನ್ನೂ ಗುಂಡಿನ ತಾಮ್ರ ಕಾಣುತ್ತಿದ್ದರೆ ಒಳ್ಳೆಯದು. ತೋಟಾದ ಕುತ್ತಿಗೆ ಬಂದು ಬ್ಯಾರೆಲಿಗೆ ತಾಗಿತು ಅಂದರೆ ತುದಿ ಸವೆದಿದೆ. ಸೈನಿಕರು ತುದಿಯಿಂದಲೇ ಕಡ್ಡಿ ಹಾಕಿ ಉಜ್ಜಿ ಉಜ್ಜಿ ಮಾಡಿದ ಸವೆತ ಅದು.

ಆಮೇಲೆ ನಂಬರ್. ಬೋಲ್ಟಿನ ಮೇಲೂ, ಅದು ಕೂರುವ ಲೋಹದ ಮೈ ಅಂದರೆ ರಿಸೀವರಿನ ಮೇಲೂ ಒಂದೇ ನಂಬರ್ ಇದೆಯಾ ನೋಡಿ. ಆಮೇಲೆ ಆಮದು ಗುರುತು. 1968ರ ಕಾನೂನು ಬಂದಮೇಲೆ ಹೊರಗಿಂದ ತಂದ ಪ್ರತಿ ರೈಫಲಿನ ಮೇಲೂ ತಂದ ಕಂಪನಿಯ ಹೆಸರು ಕೊರೆಯಬೇಕು. ಆ ಗುರುತು ಇಲ್ಲದ್ದು ಹೆಚ್ಚಾಗಿ ಅದಕ್ಕೂ ಮುಂಚೆ ಬಂದದ್ದು, ಇಲ್ಲವೇ ಯಾರೋ ಸೈನಿಕ ಚೀಲದಲ್ಲಿ ಹಾಕಿಕೊಂಡು ಬಂದದ್ದು. ಅದಕ್ಕೆ ಬೆಲೆ ಜಾಸ್ತಿ.

ಮೋಸಿನ್-ನಾಗಾಂಟ್ 91/30

ರಷ್ಯಾದ ಈ ರೈಫಲ್ ಒಂದು ಕಾಲಕ್ಕೆ ನೂರು ಡಾಲರಿನ ಒಳಗೆ ಸಿಗುತ್ತಿತ್ತು. ಜೊತೆಗೆ 440 ತೋಟಾ ತುಂಬಿದ, ಓಪನರಿನಲ್ಲಿ ಕೊಯ್ದು ತೆಗೆಯುವ ತಗಡಿನ ಡಬ್ಬಿ ಇನ್ನೂ ಅಗ್ಗ. ಆ ಕಾಲ ಹೋಯಿತು. ರಷ್ಯಾ ಮೇಲೆ ಹಾಕಿದ ನಿರ್ಬಂಧಗಳು, 2021ರಲ್ಲಿ ರಷ್ಯಾದ ತೋಟಾ ಆಮದಿಗೆ ಬಿದ್ದ ತಡೆ, ಎರಡೂ ಸೇರಿ ಬೆಲೆ ಏರಿಸಿದವು. ಎಲ್ಲ ಮಾದರಿ ಸೇರಿಸಿದರೆ 3 ಕೋಟಿಗೂ ಜಾಸ್ತಿ ತಯಾರಾದ ರೈಫಲ್ ಇದು, ಹಾಗಾಗಿ ಸಾಮಾನ್ಯದೊಂದಕ್ಕೆ ‘ಅಪರೂಪ’ ಅಂತ ಜಾಸ್ತಿ ಹೇಳುವವರಿಂದ ದೂರ ಇರಿ.

ಗಟ್ಟಿ. ಒರಟು. ಸೇಫ್ಟಿ ಹಾಕಲು ಹೆಬ್ಬೆರಳಿನ ಬಲ ಎಲ್ಲ ಬೇಕು. ಯುದ್ಧ ಮುಗಿದಮೇಲೆ ಸೋವಿಯತ್ ಡಿಪೋಗಳಲ್ಲಿ ಇವನ್ನೆಲ್ಲ ಬಿಚ್ಚಿ, ರಿಪೇರಿ ಮಾಡಿ, ಹೊಸ ನಂಬರ್ ಹೊಡೆದು, ಗ್ರೀಸ್ ಮೆತ್ತಿ ಇಟ್ಟರು. ಅದಕ್ಕೇ ಎಲ್ಲ ನಂಬರ್ ಒಂದೇ ಇದ್ದರೂ ಅದು ಕಾರ್ಖಾನೆಯಿಂದ ಬಂದ ಜೋಡಿ ಅಂತ ಹೇಳಲಾಗದು. 91/30 ಗುರಿ ಕೂರಿಸಿದ್ದು ಬಯೋನೆಟ್ ಹಾಕಿದ ಸ್ಥಿತಿಯಲ್ಲಿ. ಬಯೋನೆಟ್ ತೆಗೆದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ, ರೈಫಲನ್ನು ಬೈಯುವ ಮುಂಚೆ ಅದನ್ನು ನೆನಪಿಡಿ.

ಹಳೇ ಮಿಲಿಟರಿ ತೋಟಾ ಹೊಡೆದರೆ ಬ್ಯಾರೆಲಿನಲ್ಲಿ ಉಪ್ಪು ಉಳಿಯುತ್ತದೆ. ಆ ಉಪ್ಪು ಗಾಳಿಯ ತೇವ ಎಳೆದುಕೊಂಡು ಒಂದೆರಡು ದಿನದಲ್ಲಿ ತುಕ್ಕು ತರಿಸುತ್ತದೆ. ಎಣ್ಣೆ ಸುರಿದರೆ ಉಪ್ಪು ಕರಗುವುದಿಲ್ಲ. ಬಿಸಿನೀರು ಬೇಕು. ಮನೆಗೆ ಬಂದ ಕೂಡಲೇ ಬೋಲ್ಟ್ ತೆಗೆದು, ಲಾಳಿಕೆ ಇಟ್ಟು ಹಿಂದಿನಿಂದ ಕುದಿನೀರು ಬಿಡಿ, ಬೋಲ್ಟಿನ ಮುಖವನ್ನೂ ತೊಳೆಯಿರಿ, ಒರೆಸಿ ಆಮೇಲೆ ಎಣ್ಣೆ ಹಚ್ಚಿ. ಈ ಕೆಲಸ ಬೇಜಾರು ಅನ್ನುವವರು ಮೋಸಿನ್ ಬಿಟ್ಟು ಮುಂದೆ ಓದಿ.

ಮೋಸಿನ್ ಮೇಲೇ ಮನಸ್ಸಿದ್ದು, ದುಡ್ಡೂ ಇದ್ದರೆ ಫಿನ್‌ಲೆಂಡಿನ ಎಂ39 ನೋಡಿ. ರಷ್ಯಾದ ರಿಸೀವರ್ ಇಟ್ಟುಕೊಂಡು ಬ್ಯಾರೆಲ್, ಮರ, ಸೈಟು ಎಲ್ಲ ಫಿನ್ನರು ತಾವೇ ಮಾಡಿದ ರೈಫಲ್ ಅದು. ಗುರಿಯಲ್ಲಿ ಅದು ಎಷ್ಟೋ ಮೇಲು, 91/30ಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಇನ್ನೊಂದು ಸ್ವಾರಸ್ಯ: ಕೆಲವದರ ರಿಸೀವರ್ 1898 ಅಥವಾ ಅದಕ್ಕೂ ಹಿಂದಿನದು. ಅಂಥವು ಫೆಡರಲ್ ಕಾನೂನಿನಲ್ಲಿ ಬಂದೂಕೇ ಅಲ್ಲ, ಪುರಾತನ ವಸ್ತು! ಮಾರುವವರೂ ಅದನ್ನು ಬಲ್ಲರು, ಬೆಲೆಯಲ್ಲಿ ಸೇರಿಸಿಯೇ ಹೇಳುತ್ತಾರೆ.

ಲೀ-ಎನ್‌ಫೀಲ್ಡ್: ನಮ್ಮ ತ್ರೀ ನಾಟ್ ತ್ರೀ

ಇಲ್ಲಿ ನನಗೆ ಸ್ವಲ್ಪ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ. ಬ್ಯಾಂಕಿನ ಬಾಗಿಲಲ್ಲಿ, ಚುನಾವಣೆ ಬೂತಿನಲ್ಲಿ, ಖಜಾನೆ ಮುಂದೆ ಪೊಲೀಸರ ಹೆಗಲ ಮೇಲೆ ನೋಡಿಯೇ ಬೆಳೆದ ರೈಫಲ್ ಇದು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದೇ 2020ರ ಗಣರಾಜ್ಯೋತ್ಸವದಂದು.

ಎರಡು ದಾರಿ ಇವೆ. ಒಂದು, ಎರಡನೇ ಮಹಾಯುದ್ಧದ ‘ನಂಬರ್ 4’ ಮಾದರಿ. ಬ್ರಿಟನ್ನಿನ ಫಜಾಕರ್ಲಿ, ಮಾಲ್ಟ್‌ಬಿ, ಶರ್ಲಿ, ಕೆನಡಾದ ಲಾಂಗ್ ಬ್ರಾಂಚ್, ಅಮೆರಿಕದ ಸ್ಯಾವೇಜ್ ಕಾರ್ಖಾನೆಗಳಲ್ಲಿ ಆದದ್ದು. ಹೊಡೆಯುವುದಕ್ಕೆ ಅಂದರೆ ಇದೇ. ಹಿಂದಿನ ಸೈಟು ಕಣ್ಣಿಗೆ ಹತ್ತಿರ ಇರುವ ತೂತಿನ ಸೈಟು, ಬ್ಯಾರೆಲ್ ದಪ್ಪ, ಬೋಲ್ಟ್ ಬೆಣ್ಣೆಯಂತೆ ಜಾರುತ್ತದೆ, ಹತ್ತು ಗುಂಡು ಹಿಡಿಯುತ್ತದೆ. ಬೋಲ್ಟಿನ ತಲೆ ಬಿಚ್ಚಿ ಬದಲಿಸಬಹುದು. 0ರಿಂದ 3ರವರೆಗೆ ನಂಬರ್ ಇರುವ ನಾಲ್ಕು ಅಳತೆಯ ತಲೆಗಳಿವೆ. ತೋಟಾದ ಹಿಂದೆ ಸಂದು ಜಾಸ್ತಿ ಆಗಿದ್ದರೆ ದೊಡ್ಡ ನಂಬರಿನ ತಲೆ ಹಾಕುತ್ತಾರೆ. 3 ಹಾಕಿದಮೇಲೂ ಆ ಸಂದು ಅಳೆಯುವ ಗೇಜಿಗೆ ಕೂರದ ರೈಫಲನ್ನು ಗೋಡೆಗೆ ಬಿಡಿ. ಗನ್‌ಸ್ಮಿತ್ ಹತ್ತಿರ ಗೇಜ್ ಹಾಕಿಸದೆ ಮೊದಲ ಗುಂಡು ಹೊಡೆಯಬೇಡಿ. ‘ಡಿಪಿ’ ಅಂತ ಗುರುತು ಇದ್ದರೆ ಅದು ಕವಾಯತಿಗೆ ಇಟ್ಟ ರೈಫಲ್, ಅದನ್ನು ಹೊಡೆಯಲೇಬಾರದು.

ಎರಡನೇ ದಾರಿ ಬಂಗಾಳದ ಇಶಾಪುರದ್ದು. 60ರ ದಶಕದಲ್ಲಿ ಅಲ್ಲಿ ಹಳೇ ನಂಬರ್ 1 ಮಾದರಿಯನ್ನೇ 7.62 ನ್ಯಾಟೋ ತೋಟಾಕ್ಕೆ ಹೊಂದಿಸಿ 2ಎ, 2ಎ1 ಮಾಡಿದರು. 12 ಗುಂಡಿನ ಚೌಕ ಮ್ಯಾಗಜಿನ್ ನೋಡಿದರೆ ಗೊತ್ತಾಗುತ್ತದೆ. ಅಂದಗಾರ ಅಲ್ಲ. ಮರ ಒರಟು, ಮೇಲಿನ ಬಣ್ಣವೂ ಒರಟು. ಆದರೆ ತೋಟಾ ಸುಲಭಕ್ಕೆ ಸಿಗುತ್ತದೆ, ಮೇಲಾಗಿ ನಮ್ಮ ದೇಶದ ಮುದ್ರೆ ಹೊತ್ತ ರೈಫಲನ್ನು ಟೆಕ್ಸಸ್ಸಿನ ರೇಂಜಿನಲ್ಲಿ ಹೊಡೆಯುವ ಖುಷಿಗೆ ಬೆಲೆ ಕಟ್ಟುವುದು ಕಷ್ಟ. ನ್ಯಾಟೋ ಅಳತೆಯ ಮಿಲಿಟರಿ ತೋಟಾ ಮಾತ್ರ ಹಾಕಿ, ಅಂಗಡಿಯ ಖಡಕ್ ಬೇಟೆ ತೋಟಾ ಬೇಡ. ಇಶಾಪುರದಿಂದಲೇ ಪೊಲೀಸರಿಗೆ ಅಂತ .410 ಬೋರಿನ ಮಸ್ಕೆಟ್ ಕೂಡ ಬಂದಿದೆ, ಗೀರುಗಳೇ ಇಲ್ಲದ, ಒಂದೊಂದೇ ಗುಂಡಿನದು. ಇಟ್ಟುಕೊಳ್ಳಲು ಚೆಂದ, ಹೊಡೆಯಲು ತಲೆನೋವು.

‘ಜಂಗಲ್ ಕಾರ್ಬೈನ್’ ಅಂತ ಯಾರಾದರೂ ತೋರಿಸಿದರೆ ಹುಷಾರು. ನಂಬರ್ 4 ರೈಫಲನ್ನೇ ಕತ್ತರಿಸಿ, ತುದಿಗೆ ಕೊಳವೆ ಸಿಕ್ಕಿಸಿ ಮಾರಿದ ನಕಲಿಗಳು ಬಹಳ. ಅಸಲಿ ಜಂಗಲ್ ಕಾರ್ಬೈನಿನಲ್ಲಿ, ಅಂದರೆ ನಂಬರ್ 5 ಮಾದರಿಯಲ್ಲಿ, ತೂಕ ಇಳಿಸಲು ರಿಸೀವರಿನಲ್ಲೂ ಬ್ಯಾರೆಲಿನ ಬುಡದಲ್ಲೂ ಲೋಹ ಕೆತ್ತಿ ತೆಗೆದಿರುತ್ತಾರೆ. ನಕಲಿ ಮಾಡಿದವರು ಅಷ್ಟು ಕಷ್ಟ ಪಡುವುದಿಲ್ಲ.

ಸ್ವಿಸ್ ಕೆ31

ಒಂದೇ ರೈಫಲ್ ಹೇಳಿ ಅಂತ ಪಟ್ಟು ಹಿಡಿದರೆ ನಾನು ಹೇಳುವುದು ಇದು.

ಬರ್ನ್ ನಗರದ ಕಾರ್ಖಾನೆಯಲ್ಲಿ 1933ರಿಂದ 1958ರವರೆಗೆ 5 ಲಕ್ಷಕ್ಕೂ ಜಾಸ್ತಿ ಆದವು. ಬೋಲ್ಟನ್ನು ಎತ್ತಿ ಎಳೆಯಬೇಕಿಲ್ಲ, ನೇರ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದರೆ ಮುಗಿಯಿತು. ಟ್ರಿಗರ್ ಎಷ್ಟು ಶುದ್ಧ ಅಂದರೆ ಇದಕ್ಕೆ ಬದಲಿ ಟ್ರಿಗರ್ ಹಾಕಬೇಕು ಅನ್ನುವ ಯೋಚನೆಯೇ ಬರುವುದಿಲ್ಲ. ಬೇರೆ ಸರ್ಪ್ಲಸ್ (ಸೈನ್ಯ ಬಳಸಿ ಬಿಟ್ಟ) ರೈಫಲ್‌ಗಳಿಗೆ ದುಡ್ಡು ಸುರಿದು ಏನು ತರಿಸುತ್ತಾರೋ ಅದು ಇದರಲ್ಲಿ ಹುಟ್ಟಿನಿಂದಲೇ ಇದೆ. ಸ್ವಿಟ್ಜರ್ಲೆಂಡ್ ಯುದ್ಧಕ್ಕೆ ಇಳಿಯಲಿಲ್ಲ, ಸೈನಿಕರು ರೈಫಲನ್ನು ಮನೆಯಲ್ಲೇ ಇಟ್ಟುಕೊಂಡು ಒರೆಸಿ ಒರೆಸಿ ಕಾಪಾಡಿದರು, ಅವರ ಜಿಪಿ11 ತೋಟಾದಲ್ಲಿ ತುಕ್ಕು ತರಿಸುವ ಉಪ್ಪೂ ಇರಲಿಲ್ಲ. ಅದಕ್ಕೇ ಬ್ಯಾರೆಲ್‌ಗಳು ಇವತ್ತೂ ಕನ್ನಡಿ. ಮರದ ಕೆಳಭಾಗ ಮಾತ್ರ ಹೊಡೆತ ತಿಂದಿರುತ್ತದೆ, ನಾಯಿ ಕಚ್ಚಿದ ಹಾಗೆ. ಅದನ್ನು ನೋಡಿ ಬಿಟ್ಟು ಬರಬೇಡಿ, ಬೆಲೆ ಇಳಿಸಲು ಬಳಸಿಕೊಳ್ಳಿ.

ಭುಜಕ್ಕೆ ಒತ್ತುವ ಲೋಹದ ಪಟ್ಟಿಯ ಎರಡು ಸ್ಕ್ರೂ ಬಿಚ್ಚಿದರೆ ಕೆಲವು ಸಲ ಒಳಗೆ ಮಡಿಸಿದ ಸಣ್ಣ ಚೀಟಿ ಸಿಗುತ್ತದೆ. ಆ ರೈಫಲ್ ಯಾರ ಕೈಯಲ್ಲಿತ್ತು, ಯಾವ ತುಕಡಿ, ಯಾವ ಊರು ಅಂತ ಬರೆದಿರುತ್ತದೆ. ಚೀಟಿಯನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೈಫಲಿನ ಜೊತೆಗೇ ಇಡಿ, ಮಾರುವಾಗ ಜೊತೆಗೇ ಕೊಡಿ. ಚೀಟಿ ಹುಡುಕುವ ಆತುರದಲ್ಲಿ ಸ್ಕ್ರೂ ತಲೆ ಕೆಡಿಸಬೇಡಿ, ಅಳತೆಗೆ ಸರಿಯಾದ ಸ್ಕ್ರೂಡ್ರೈವರ್ ತಗೊಳ್ಳಿ.

ದೋಷ ಇಲ್ಲವೇ? ಇದೆ. 7.5×55 ತೋಟಾ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಜಿಪಿ11 ಅಪರೂಪ ಆಗುತ್ತಿದೆ. ತಾವೇ ತೋಟಾ ತುಂಬುವವರಿಗೆ ಇದು ದೊಡ್ಡ ವಿಷಯ ಅಲ್ಲ, ಉಳಿದವರು ರೈಫಲ್ ತರುವ ಮೊದಲೇ ತೋಟಾದ ಬೆಲೆ ವಿಚಾರಿಸಿಕೊಳ್ಳಿ. ಸ್ಕೋಪ್ ಬೇಕಾದರೆ ಪಕ್ಕಕ್ಕೆ ಕಚ್ಚಿಸುವ ಕ್ಲಾಂಪ್ ಸಿಗುತ್ತದೆ, ಒಂದು ತೂತೂ ಕೊರೆಯಬೇಕಿಲ್ಲ.

ಸ್ವೀಡಿಷ್ ಮೌಸರ್ ಎಂ96

ಉದ್ದ ರೈಫಲ್, ಒದೆತ ಕಡಿಮೆ, 6.5×55 ತೋಟಾ. ಬೇಟೆಯವರು ಇವತ್ತೂ ಇದನ್ನು ಬಳಸುವುದರಿಂದ ಅಂಗಡಿಯಲ್ಲಿ ಸಿಗುತ್ತದೆ. ಸಣ್ಣ ಮೈಕಟ್ಟಿನವರಿಗೆ, ಹೆಗಲು ನೋವು ಇರುವವರಿಗೆ ಇದಕ್ಕಿಂತ ಒಳ್ಳೇದು ಈ ಪಟ್ಟಿಯಲ್ಲಿ ಇಲ್ಲ. ಬಹುಪಾಲು ಎಸ್ಕಿಲ್‌ಸ್ಟುನಾದ ಕಾರ್ಲ್ ಗುಸ್ತಾಫ್ ಕಾರ್ಖಾನೆಯದು, ಕೆಲಸ ನಾಜೂಕು. ಮರದ ಹಿಂಭಾಗದಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇರುತ್ತದೆ, ಬೋರಿನ ಅಳತೆ, ಸವೆತ ಎಷ್ಟು ಅಂತ ಸ್ವೀಡನ್ನಿನ ಆರ್ಮರರ್ ಅದರಲ್ಲಿ ಗುರುತು ಹಾಕಿರುತ್ತಾನೆ. ಆದರೆ ಆ ಗುರುತು ಅವನು ಕೊನೆಗೆ ನೋಡಿದ ದಿನದ್ದು. ಆಮೇಲೆ ಯಾರು ಎಷ್ಟು ಹೊಡೆದರೋ! ಬಿಲ್ಲೆ ಓದಿದರೂ ಬ್ಯಾರೆಲ್ ನೋಡಿ. ಹಳೇ ವಿನ್ಯಾಸ, ಜಾಸ್ತಿ ಒತ್ತಡದ ತೋಟಾ ತಡೆಯದು.

ಟಾರ್ಗೆಟ್ ಸ್ಪರ್ಧೆಗೇ ಬೇಕು ಅಂದರೆ ಇದೇ ಮೌಸರಿನಿಂದ ಸ್ವೀಡಿಷರು ಮಾಡಿದ ಸಿಜಿ63 ಹುಡುಕಿ. ಮಾರ್ಪಾಡು ಮಾಡಬೇಕು ಅಂತ ಕೈ ತುರಿಸುವವರಿಗೂ ಅದೇ ಮದ್ದು, ಮಾಡಬೇಕಾದ್ದನ್ನೆಲ್ಲ ಗೊತ್ತಿದ್ದವರು ಮಾಡಿ ಮುಗಿಸಿದ್ದಾರೆ.

ಜರ್ಮನಿಯ ಮೌಸರ್ ಕೆ98ಕೆ ಬಗ್ಗೆ ಒಂದೇ ಮಾತು: ಹೊಸಬರಿಗೆ ಬೇಡ. ನಕಲಿ ಮುದ್ರೆಗಳು ಅಷ್ಟಿವೆ. ಆ ತರದ್ದೇ ಬೇಕಿದ್ದರೆ ಯುಗೊಸ್ಲಾವಿಯದ ಎಂ48 ತಗೊಳ್ಳಿ.

ಎಂ1 ಗ್ಯಾರಂಡ್

ಅಮೆರಿಕದವರಿಗೆ ಇದು ದೇವರ ಕೋಣೆಯ ರೈಫಲ್. 1936ರಲ್ಲಿ ಸೇನೆಗೆ ಬಂತು, 50 ಲಕ್ಷಕ್ಕೂ ಜಾಸ್ತಿ ಆದವು, ಕೊರಿಯಾ ಯುದ್ಧದವರೆಗೂ ಇದೇ. ಎಂಟು ಗುಂಡಿನ ಕ್ಲಿಪ್ ಮೇಲಿಂದ ಒತ್ತಬೇಕು, ಕೊನೆ ಗುಂಡು ಹೋದಾಗ ಖಾಲಿ ಕ್ಲಿಪ್ ಟಿಣ್ ಅಂತ ಹಾರುತ್ತದೆ. ಹೆಬ್ಬೆರಳು ಬೇಗ ತೆಗೆಯದಿದ್ದರೆ ಬೋಲ್ಟ್ ಕಚ್ಚುತ್ತದೆ.

ತಗೊಳ್ಳಲು ಒಳ್ಳೇ ಜಾಗ ಸಿಎಂಪಿ (ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ), ಅಲಬಾಮಾದ ಆನಿಸ್ಟನ್ ಊರಿನಲ್ಲಿದೆ. ಹಿಂದೆ ಸರ್ಕಾರದ್ದಾಗಿತ್ತು, 1996ರಿಂದ ಸ್ವತಂತ್ರ ಸಂಸ್ಥೆ. ಸರ್ವಿಸ್, ಫೀಲ್ಡ್, ರ‍್ಯಾಕ್ ಅಂತ ದರ್ಜೆ ಮಾಡಿ ಮಾರುತ್ತಾರೆ, ಹೇಳಿದ್ದಕ್ಕೆ ತಕ್ಕಂತೆ ಇರುತ್ತದೆ. ಆದರೆ ಅಲ್ಲಿ ಗ್ರೀನ್ ಕಾರ್ಡ್ ನಡೆಯುವುದಿಲ್ಲ, ಪೌರತ್ವ ಬೇಕು. ಅವರ ಜೊತೆ ಸೇರಿದ ಕ್ಲಬ್ಬಿನ ಸದಸ್ಯತ್ವ, ಗುರಿ ಅಭ್ಯಾಸ ಮಾಡಿದ ಪುರಾವೆ ಕೂಡ ಕೇಳುತ್ತಾರೆ. ಪೌರತ್ವ ಇನ್ನೂ ಬಂದಿಲ್ಲ ಅಂದರೆ ಅಂಗಡಿಯಲ್ಲಿ ಜಾಸ್ತಿ ಕೊಟ್ಟು ತಗೊಳ್ಳುವ ಬದಲು ಕಾಯಿರಿ ಅನ್ನುತ್ತೇನೆ.

ತೋಟಾ .30-06. ಬೇಟೆಗೆ ಮಾರುವ ಭಾರಿ ತೋಟಾ ಹಾಕಿದರೆ ಗ್ಯಾಸಿನ ಒತ್ತಡಕ್ಕೆ ಬೋಲ್ಟನ್ನು ದೂಡುವ ಆಪರೇಟಿಂಗ್ ರಾಡ್ ಬಾಗಬಹುದು. ಗ್ಯಾರಂಡ್‌ಗೆ ಅಂತಲೇ ಮಾಡಿದ್ದನ್ನು ಹಾಕಿ, ಇಲ್ಲವೇ ಮುಂದಿನ ಗ್ಯಾಸ್ ಪ್ಲಗ್ ತೆಗೆದು, ತಿರುಗಿಸಿ ಹೊಂದಿಸುವಂಥದ್ದನ್ನು ಕೂರಿಸಿ. ಹಳೇ ಪ್ಲಗ್ ಎಸೆಯಬೇಡಿ.

ಮಾರ್ಪಾಡು: ಎಲ್ಲಿ ಸರಿ, ಎಲ್ಲಿ ಬೇಡ

50-60ರ ದಶಕದಲ್ಲಿ ಅಮೆರಿಕದಲ್ಲಿ ಈ ರೈಫಲ್‌ಗಳು ಟಪಾಲಿನಲ್ಲಿ ಬರುತ್ತಿದ್ದವು, ಅಗ್ಗಕ್ಕೆ. ಯಾರಿಗೂ ಬೆಲೆ ಅನಿಸಲಿಲ್ಲ. ಮರ ಕತ್ತರಿಸಿ, ಬ್ಯಾರೆಲ್ ಗಿಡ್ಡ ಮಾಡಿ, ಸೈಟು ಕಿತ್ತು ಬೇಟೆ ರೈಫಲ್ ಮಾಡಿಕೊಂಡರು. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ತರದ ಕಂಪನಿಗಳು ಅದನ್ನೇ ಚೆಂದವಾಗಿ ಮಾಡಿ ಮಾರಿದವು. 1968ರಲ್ಲಿ ಮಿಲಿಟರಿ ಸರ್ಪ್ಲಸ್ ಆಮದು ನಿಂತಿತು, 1984ರಲ್ಲಿ ಹಳೇ ಸಂಗ್ರಹದ ರೈಫಲ್‌ಗಳಿಗೆ ಮಾತ್ರ ಮತ್ತೆ ದಾರಿ ಬಿಟ್ಟರು. ಹೊಸ ಮೂಟೆಗಳು ಈಗ ಬರುವುದು ಕಡಿಮೆ. ಇವತ್ತು ಒರಿಜಿನಲ್ ಒಂದನ್ನು ಕತ್ತರಿಸಿದರೆ ಅದಕ್ಕೆ ಬದಲಿ ಇಲ್ಲ.

ಹೊಡೆಯಲು, ಕೈ ಆಡಿಸಲು ಬೇಕಾ? ಆಗಲೇ ಯಾರೋ ಕತ್ತರಿಸಿಟ್ಟದ್ದನ್ನು ತಗೊಳ್ಳಿ. ಅಗ್ಗ. ಬ್ಯಾರೆಲ್ ಚೆನ್ನಾಗಿದ್ದರೆ ಅದಕ್ಕೆ ಬೇಕಾದ ಟ್ರಿಗರ್ ಹಾಕಿ, ತೂತು ಕೊರೆಸಿ, ಮರದೊಳಗೆ ಎಪಾಕ್ಸಿ ತುಂಬಿ ಕೂರಿಸಿ, ಯಾರೂ ಬೈಯುವುದಿಲ್ಲ. ಒರಿಜಿನಲ್ ಮೇಲೆ ಮಾತ್ರ ವಾಪಸ್ ತೆಗೆಯಬಹುದಾದ ಕೆಲಸ ಮಾಡಿ: ಜಾರಿಸಿ ಹಾಕುವ ರಬ್ಬರ್ ಪ್ಯಾಡ್, ತೂತಿಲ್ಲದ ಸ್ಕೋಪ್ ಮೌಂಟ್, ಬದಲಿ ಟ್ರಿಗರ್, ಬ್ಯಾರೆಲ್ ಕೆಳಗೆ ಕಾರ್ಕಿನ ತೆಳು ತುಂಡು. ಮರಕ್ಕೆ ಮರಳುಕಾಗದ ಮುಟ್ಟಿಸಬೇಡಿ. ಉಜ್ಜಿದರೆ ಕಾರ್ಖಾನೆಯ ಮುದ್ರೆ ಹೋಗುತ್ತದೆ, ಮುದ್ರೆ ಹೋದರೆ ಅರ್ಧ ಬೆಲೆ ಹೋದಂತೆ. ಮರದಲ್ಲಿ ಬಿದ್ದ ತಗ್ಗು ಎತ್ತಲು ಒದ್ದೆ ಬಟ್ಟೆ ಇಟ್ಟು ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿ. ಹಬೆ ಒಳಗೆ ಹೋಗಿ ನಾರು ಉಬ್ಬಿ ತಗ್ಗು ಮೇಲೆದ್ದು ಬರುತ್ತದೆ. ಮುದ್ರೆ ಇರುವ ಜಾಗದಲ್ಲಿ ಅದನ್ನೂ ಮಾಡಬೇಡಿ, ಮುದ್ರೆಯೂ ತಗ್ಗೇ ತಾನೆ!

ಬರೀ ಟಾರ್ಗೆಟ್ ಹೊಡೆಯುವ ಆಸೆ ಇರುವವರು ಈ ಸೈನ್ಯದ ಸಾಮಾನು ಬಿಟ್ಟು .22ರ ಕಡೆ ನೋಡಿ. ಊರಲ್ಲಿ ಎನ್‌ಸಿಸಿ ಮಾಡಿದವರಿಗೆ ಪಾಯಿಂಟ್ ಟೂ ಟೂ ಪರಿಚಯದ್ದೇ. ಹಳೇ ವಿಂಚೆಸ್ಟರ್ 52, ಬಿಎಸ್ಎ ಮಾರ್ಟಿನಿ, ಆನ್ಶುಟ್ಸ್ ರೈಫಲ್‌ಗಳು ಸಿಗುತ್ತವೆ. ತೋಟಾ ಅಗ್ಗ, ಒದೆತ ಇಲ್ಲ, 50 ಮೀಟರಿನಲ್ಲಿ ತಪ್ಪು ರೈಫಲಿನದೋ ನಿಮ್ಮದೋ ಅಂತ ಅನುಮಾನವೂ ಉಳಿಯುವುದಿಲ್ಲ. ತಗೊಳ್ಳುವಾಗ ಸೈಟು ಜೊತೆಗಿದೆಯಾ ನೋಡಿ, ಹಳೇ ಸೈಟು ಬೇರೆ ಹುಡುಕಲು ಹೋದರೆ ಜೇಬು ಖಾಲಿ.

ಮಾರುವಾಗ

ಬ್ಯಾರೆಲ್ ಒಳಗಿನ ಫೋಟೋ, ಎಲ್ಲ ನಂಬರಿನ ಫೋಟೋ, ಮರದ ಬಿರುಕಿನ ಫೋಟೋ ಹಾಕಿ. ಬಿರುಕು ಮುಚ್ಚಿಟ್ಟರೆ ರೈಫಲ್ ವಾಪಸ್ ಬರುತ್ತದೆ, ಕಳಿಸಿದ ಖರ್ಚು ನಿಮ್ಮದು. ಬೇರೆ ರಾಜ್ಯದವರಿಗೆ ಮಾರಿದರೆ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಹೋಗಬೇಕು, ಇಲ್ಲವೇ ಕೊಳ್ಳುವವರಿಗೇ ಸಿ ಅಂಡ್ ಆರ್ ಇರಬೇಕು, ಆ ಲೈಸೆನ್ಸಿನ ಸಹಿ ಮಾಡಿದ ಪ್ರತಿ ತರಿಸಿಕೊಂಡೇ ಕಳಿಸಿ. ಸ್ನೈಪರ್ ಅಂತ ಹೇಳಿಕೊಂಡು ಮಾರಬೇಕಾದರೆ ಪುರಾವೆ ಇರಲಿ. ಅಸಲಿ ಎನ್‌ಫೀಲ್ಡ್ ಸ್ನೈಪರಿನ ರಿಸೀವರಿನಲ್ಲಿ ‘ಟಿ’ ಗುರುತು, ಮರದ ಮೇಲೆ ಸ್ಕೋಪಿನ ನಂಬರ್ ಇರುತ್ತದೆ. ಕೊಳ್ಳುವವರು ಅದನ್ನೇ ಮೊದಲು ಕೇಳುತ್ತಾರೆ.

ಊರಿಗೆ ವಾಪಸ್ ಹೋಗುವ ಯೋಚನೆ ಇದ್ದವರು ಬೇಗ ಶುರು ಮಾಡಿ. ಇವನ್ನು ಕಂಟೇನರಿನಲ್ಲಿ ಪಾತ್ರೆ, ಸೋಫಾ ಜೊತೆ ತುಂಬಿ ಕಳಿಸುವ ಮಾತೇ ಇಲ್ಲ. ಟಿಕೆಟ್ ಮಾಡಿಸಿದಮೇಲೆ ಅಂಗಡಿಗೆ ಹೋದರೆ ನಿಮ್ಮ ಆತುರ ನೋಡಿಯೇ ಬೆಲೆ ಹೇಳುತ್ತಾರೆ. ಕ್ಲಬ್ಬಿನಲ್ಲಿ ತಿಂಗಳುಗಳ ಮೊದಲೇ ಹೇಳಿಡಿ, ಕ್ಲಿಪ್, ಬಯೋನೆಟ್, ಬೆಲ್ಟು, ಉಳಿದ ತೋಟಾಗಳನ್ನು ರೈಫಲಿನ ಜೊತೆ ಸುಮ್ನೆ ಸೇರಿಸಿ ಕೊಡದೆ ಬೇರೆ ಬೇರೆ ಮಾರಿ.